ಶನಿವಾರದ ಒಪ್ಪಿಗೆಗಳು

ನನ್ನ ಅಪ್ಪ ಹೊಳಲ್ಕೆರೆಯ ಕೋರ್ಟಿನಲ್ಲಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು 'ಹೂಂ' ಅಂದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ನಾನು ಅಲ್ಲಿರಲಿಲ್ಲ. ಅವ್ವ ಹೇಳುವ ಪ್ರಕಾರ ಆ ವಾರ ನನಗೆ ಗದ್ದಬಾವು ಬಂದು, ಬಿ.ದುರ್ಗದ ನಮ್ಮ ಮನೆಯಲ್ಲಿ ಕಿವಿಯ ಸುತ್ತ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದೆ. ಅವ್ವ ಸುಳ್ಳು ಹೇಳುವವಳಲ್ಲ. ಮುಂದೆ ಕೋರ್ಟುಗಳಲ್ಲಿ ನಾನೇ ಕಂಡ ಎಷ್ಟೋ ಜನರ ಬೆನ್ನುಗಳಿಂದ ಅಪ್ಪನ ಬೆನ್ನೊಂದನ್ನು ಹೊಲಿದುಕೊಂಡಿರಬೇಕು. ಹೊಲಿಗೆ ಕಾಣುತ್ತದೆ. ಬಿಚ್ಚಲು ಮನಸ್ಸಿಲ್ಲ.

ಖಚಿತವಾಗಿ ಗೊತ್ತಿರುವುದು ಇಷ್ಟು. ಸೊಸೈಟಿಯ ಗೋದಾಮಿನಿಂದ ತೂಕದ ಕಬ್ಬಿಣದ ಕಲ್ಲುಗಳು ಕಳುವಾದವು. ಅಪ್ಪ ಅಲ್ಲಿ ಮೂಟೆ ಹೊರುತ್ತಿದ್ದ. ಪೊಲೀಸರು ಅವನನ್ನು ಹಿಡಿದು ಸಬ್ ಜೈಲಿಗೆ ಹಾಕಿದರು. ಅಲ್ಲಿಗೆ ಜಿಲ್ಲಾ ಕೇಂದ್ರವಾದ ದುರ್ಗದಿಂದ ಒಬ್ಬ ವಕೀಲರು ಬಂದರು. "ಹೂಂ ಅಂದ್ಬಿಡು. ಒಳಗಿದ್ದ ದಿನಾನೇ ಶಿಕ್ಷೆ ಅಂತ ಬರೀತಾರೆ. ಸಂಜೆ ಮನೇಲಿರ್ತೀಯ" ಎಂದರು. ಅಪ್ಪ ಹೂಂ ಅಂದ, ಸಂಜೆ ಮನೆಯಲ್ಲಿದ್ದ. ವಕೀಲರು ಮಾತಿಗೆ ತಪ್ಪಲಿಲ್ಲ.

ಆ ಕಲ್ಲುಗಳು ಸೊಸೈಟಿ ಸೆಕ್ರೆಟರಿಯ ಮಾವನ ಅಂಗಡಿಯ ತಕ್ಕಡಿಯಲ್ಲಿ ಕೂತಿವೆಯೆಂದು ಎರಡೇ ವರ್ಷದಲ್ಲಿ ಊರಿಗೆಲ್ಲ ಗೊತ್ತಾಯಿತು. ತೀರ್ಪಿಗೆ ಗೊತ್ತಾಗಲಿಲ್ಲ. ಅಪ್ಪ ಠಾಣೆಯ ಪಟ್ಟಿಯಲ್ಲಿ ಕಳ್ಳನಾಗಿಯೇ ಉಳಿದ. ಸುತ್ತಿನ ಯಾವ ಹಳ್ಳಿಯಲ್ಲಿ ಸೈಕಲ್ ಹೋದರೂ, ಹಂಡೆ ಹೋದರೂ, ಕಾನ್‌ಸ್ಟೇಬಲ್ ಮೊದಲು ನಮ್ಮ ಮನೆಗೆ ಬರುತ್ತಿದ್ದ. "ಬಾರಪ್ಪ, ಸಾಹೇಬ್ರು ಕರೀತಾರೆ." ಅಪ್ಪ ಅಂಗಿ ತೊಟ್ಟು ಹೊರಡುತ್ತಿದ್ದ. ಠಾಣೆಯ ಜಗಲಿಯಲ್ಲಿ ಹಗಲೆಲ್ಲ ಕೂತು ಬರುತ್ತಿದ್ದ. ಹೊಡೆದರೋ ಇಲ್ಲವೋ ಹೇಳುತ್ತಿರಲಿಲ್ಲ. ಟೀ ಕುಡಿಯುವಾಗ ಯಾವ ಕೈಯಲ್ಲಿ ಲೋಟ ಹಿಡಿಯುತ್ತಾನೆಂದು ನೋಡಿ ಅವ್ವ ತಿಳಿದುಕೊಳ್ಳುತ್ತಿದ್ದಳು. ಸಾಯುವ ವರ್ಷವೂ ಅವನನ್ನು ಕರೆದೊಯ್ದಿದ್ದರು.

ನಾನು ಕಾನೂನು ಓದಿದ್ದು ಆ ವಕೀಲರಿಗಾಗಿ. ನ್ಯಾಯಕ್ಕಾಗಿ ಎಂದು ಸನ್ಮಾನ ಸಭೆಗಳಲ್ಲಿ ಹೇಳಿದ್ದೇನೆ. ಅದು ಸುಳ್ಳು.

ವಕೀಲಿಯ ಸನ್ನದು ಸಿಕ್ಕ ವಾರವೇ ದುರ್ಗದ ಅವರ ಆಫೀಸಿಗೆ ಹೋಗಿ, ಜೂನಿಯರ್ ಆಗಿ ಸೇರಿಸಿಕೊಳ್ಳಿ ಎಂದು ಕೇಳಿದೆ.

"ಯಾವೂರಪ್ಪ?"

"ಬಿ.ದುರ್ಗ."

"ಒಳ್ಳೇದು. ನಾಳೆಯಿಂದ ಬಾ."

ಊರಿನ ಹೆಸರು ಕೇಳಿ ಅವರ ಕಣ್ಣಲ್ಲಿ ಏನೂ ಅಲುಗಲಿಲ್ಲ. ಅಂದಿನಿಂದ ಅವರು ನನ್ನ ಸೀನಿಯರ್. ಆರು ವರ್ಷ ಅವರ ಫೈಲು ಹೊತ್ತೆ. ಒಬ್ಬ ಮನುಷ್ಯನನ್ನು ದ್ವೇಷಿಸಲು ಅವನ ಅಕ್ಷರ, ಅವನ ಕೆಮ್ಮು, ಎರಡನೇ ಲೋಟ ಕಾಫಿಗೆ ಅವನು ಸಕ್ಕರೆ ಬೇಡವೆನ್ನುವುದು, ಎಲ್ಲ ತಿಳಿದಿರಬೇಕು. ನಾನು ತಿಳಿದುಕೊಂಡೆ.

ಅವರು ಕೆಟ್ಟವರಾಗಿದ್ದರೆ ಸುಲಭವಾಗುತ್ತಿತ್ತು. ತುರುವನೂರಿನ ಕಡೆಯವರು, ಹುಡುಗರಾಗಿದ್ದಾಗಲೇ ಸ್ವಾತಂತ್ರ್ಯದ ಹೋರಾಟದಲ್ಲಿ ಜೈಲಿಗೆ ಹೋಗಿದ್ದವರು. ಕೋರ್ಟಿನಲ್ಲಿ ಅವರೂ ಅವರ ಗೆಳೆಯರೂ ವಕೀಲರನ್ನು ಬೇಡವೆಂದು, 'ಹೌದು, ನಾವೇ ಮಾಡಿದ್ದು' ಎಂದು ಎದೆಯುಬ್ಬಿಸಿ ಒಪ್ಪಿಕೊಂಡಿದ್ದರು. ಪ್ರತಿ ಆಗಸ್ಟ್ ಹದಿನೈದಕ್ಕೆ ಬಾರ್ ಅಸೋಸಿಯೇಷನ್ನಿನಲ್ಲಿ ಅದನ್ನು ಹೇಳುತ್ತಿದ್ದರು. "ನಾವು ಹೂಂ ಅಂದಾಗ ಮ್ಯಾಜಿಸ್ಟ್ರೇಟೇ ತಲೆ ತಗ್ಗಿಸಿದ ಕಣ್ರಯ್ಯ." ಅವರಿಗೆ ಒಪ್ಪಿಕೊಳ್ಳುವುದು ಅವಮಾನವಾಗಿರಲಿಲ್ಲ, ಅವರ ಜೀವನದ ಅತ್ಯಂತ ದೊಡ್ಡ ಗಳಿಗೆಯಾಗಿತ್ತು. ಆ ಗಳಿಗೆಯನ್ನು ಜಿಲ್ಲೆಯ ಬಡಪಾಯಿಗಳಿಗೆಲ್ಲ ಹಂಚುತ್ತ ಹೊರಟಿದ್ದರು. ಅವರು ಹೂಂ ಅಂದು ಹೊರಬಂದಾಗ ಜನ ಹಾರ ಹಿಡಿದು ನಿಂತಿದ್ದರು. ನನ್ನ ಅಪ್ಪ ಹೊರಬಂದಾಗ ಠಾಣೆಯ ಪಟ್ಟಿ ನಿಂತಿತ್ತು. ಅಷ್ಟು ದೊಡ್ಡ ತಲೆಗೆ ಇಷ್ಟು ಚಿಕ್ಕ ವ್ಯತ್ಯಾಸ ಹೊಳೆಯಲಿಲ್ಲ.

ಶನಿವಾರ ಅವರು ಸಬ್ ಜೈಲುಗಳಿಗೆ ಹೋಗುತ್ತಿದ್ದರು. ಒಂದು ವಾರ ಹಿರಿಯೂರು, ಒಂದು ವಾರ ಹೊಸದುರ್ಗ, ಒಂದು ವಾರ ಹೊಳಲ್ಕೆರೆ. ಸಣ್ಣ ಕಳ್ಳತನದ ಕೇಸಿನವರನ್ನು ಸಾಲಾಗಿ ಕೂರಿಸಿ ಒಪ್ಪಿಸುವುದು. ಸೋಮವಾರ ಅವರೆಲ್ಲ ಕೋರ್ಟಿನಲ್ಲಿ ಹೂಂ ಅನ್ನುವುದು. ಪೊಲೀಸರಿಗೆ ಶಿಕ್ಷೆಯಾದ ಕೇಸು ಸಿಗುತ್ತಿತ್ತು, ಮ್ಯಾಜಿಸ್ಟ್ರೇಟರಿಗೆ ಮುಗಿದ ಕೇಸು, ಖೈದಿಗೆ ಮನೆ. ಯಾರಿಗೂ ದೂರಿರಲಿಲ್ಲ. 'ಆರೋಪಿಯು ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿರುತ್ತಾನೆ' ಎಂಬ ವಾಕ್ಯವನ್ನು ಆರು ವರ್ಷ ಬರೆದವನು ನಾನೇ. ನನ್ನ ಕೈಬರಹ ಚೆನ್ನಾಗಿತ್ತು.

ಏಳನೆಯ ವರ್ಷ ಅವರನ್ನು ಬಿಟ್ಟು, ಖೈದಿಗಳಿಗೆ ಉಚಿತ ಕಾನೂನು ನೆರವು ಕೊಡುವ ವಕೀಲರ ಪಟ್ಟಿಗೆ ಸೇರಿದೆ. ಸೀನಿಯರ್ ಖುಷಿಪಟ್ಟು ಬೆನ್ನು ತಟ್ಟಿದರು. ಆ ಬೆನ್ನಿನ ಮೇಲೆ ಅವರ ಕೈ ಇದ್ದಾಗಲೇ ನಾನು ಯೋಚಿಸುತ್ತಿದ್ದೆ: ಇವರು ಒಪ್ಪಿಸಿದ ಒಬ್ಬನನ್ನು, ಒಬ್ಬನೇ ಒಬ್ಬನನ್ನು, ಇವರ ಎದುರಿಗೇ 'ಇಲ್ಲ' ಅನ್ನಿಸಬೇಕು.

ಅವನು ಸಿಕ್ಕಿದ್ದು ಹಿರಿಯೂರಿನಲ್ಲಿ, ತಾಲ್ಲೂಕು ಕಚೇರಿಯ ಹಿಂದಿನ ಸಬ್ ಜೈಲಿನಲ್ಲಿ. ಕುರಿ ಕಾಯುವವನು, ಮೂವತ್ತರ ಆಸುಪಾಸು. ಧರ್ಮಪುರದ ಹತ್ತಿರ ಶೇಂಗಾ ಕಿತ್ತ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರಂತೆ. ಬೆಳಗ್ಗೆ ನೋಡಿದರೆ ಹೊಲದವರ ಬಾವಿಯ ಮೋಟಾರಿನ ತಾಮ್ರದ ತಂತಿ ಇಲ್ಲ. ಆ ರಾತ್ರಿ ಹೊಲದಲ್ಲಿ ಮಲಗಿದ್ದ ಹೊರಗಿನವನು ಇವನೊಬ್ಬ. ಒಳಗೆ ಬಂದು ಮೂರು ವಾರವಾಗಿತ್ತು. ಜಾಮೀನು ನಿಲ್ಲಲು ಪಹಣಿ ಇರುವವರು ಬೇಕು. ಇವನಿಗೆ ಪರಿಚಯವಿದ್ದ ಹೊಲದವರೆಲ್ಲ ದೂರು ಕೊಟ್ಟವನ ನೆಂಟರು.

"ಬೆಳಗ್ಗೆ ದೊಡ್ಡ ವಕೀಲ್ರು ಬಂದಿದ್ರು ಸಾ," ಎಂದ ಸರಳಿನ ಆಚೆಯಿಂದ. "ಹೂಂ ಅಂದ್ರೆ ಸೋಮವಾರ ಬಿಡ್ತಾರಂತೆ."

"ತಂತಿ ತಗಂಡಿದ್ದೇನಪ್ಪ?"

"ನಾನ್ಯಾಕ್ ತಗಳ್ಳಿ? ನನ್ ಕುರಿ ತಂತಿ ತಿಂತಾವಾ?"

ಕಾವಲಿನವನು ನಕ್ಕ. "ನಿನ್ ಕುರಿ ಚಪ್ಲೀನೇ ಬಿಡಲ್ಲ, ತಂತಿ ಬಿಡ್ತಾವೇನಲೇ?"

"ತಗಂಡಿಲ್ಲ ಅಂದ್ಮೇಲೆ ಹೂಂ ಯಾಕೆ ಅಂತೀಯ?" ಎಂದೆ ನಾನು.

"ನಮ್ ಅಕ್ಕ ಬಾವ ಧರ್ಮಪುರದ ತಾವ ಮಂದೆ ಹಾಕ್ಕಂಡು ಕಾಯ್ತಾ ಅವ್ರೆ. ಅಲ್ಲಿ ಮೇವು ಮುಗೀತು. ಸೋಮವಾರ ನಾನ್ ಬರ್ಲಿಲ್ಲ ಅಂದ್ರೆ ಆಂಧ್ರದ ಕಡೆ ಹೊಂಟೋಗ್ತಾರೆ. ನನ್ ನಲವತ್ತು ಕುರಿ ಆ ಮಂದೇಲೇ ಅವೆ. ನಾನಿಲ್ದೆ ಹೋದ್ರೆ ಅವು ನನ್ನವಾಗಿ ಉಳಿತಾವಾ ಸಾ?"

ನಾನು ನನ್ನ ಅಪ್ಪನ ಕತೆ ಹೇಳಿದೆ. ಅಪ್ಪನದೆಂದು ಹೇಳಲಿಲ್ಲ, ಗೊತ್ತಿರುವ ಒಬ್ಬನದು ಅಂದೆ. ಠಾಣೆಯ ಜಗಲಿ, ಅಂಗಿ ತೊಟ್ಟು ಹೊರಡುವುದು, ಎಡಗೈಯಲ್ಲಿ ಹಿಡಿದ ಲೋಟ. ನಾಳೆ ನೀನು ಯಾವ ಊರಲ್ಲಿ ಕುರಿ ನಿಲ್ಲಿಸಿದರೂ ನಿನ್ನ ಹೆಸರು ನಿನಗಿಂತ ಮುಂಚೆ ಅಲ್ಲಿರುತ್ತದೆ, ಯಾರೂ ಹೊಲಕ್ಕೆ ಬಿಟ್ಟುಕೊಳ್ಳುವುದಿಲ್ಲ ಎಂದೆ. ಅವನು ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡ.

"ಇಲ್ಲ ಅಂದ್ರೆ ಎಷ್ಟ್ ದಿನ ಆಗ್ತೈತೆ?"

"ಒಂದು ತಿಂಗಳು."

'ಬೇಗ ಆಗುತ್ತೆ' ಎಂದಷ್ಟೇ ನಾನು ಹೇಳಿದ್ದು ಎಂದು ಹಲವು ವರ್ಷ ನಂಬಿಕೊಂಡಿದ್ದೆ. ನೆನಪು ನನಗೆ ಜಾಮೀನು ನಿಲ್ಲಲು ಬಂದಿತ್ತು. ಆದರೆ ನಾನು ಹೇಳಿದ್ದು ಒಂದು ತಿಂಗಳು ಎಂದೇ. ಆ ಕೋರ್ಟಿನಲ್ಲಿ ಯಾವ ವಿಚಾರಣೆಯೂ ಒಂದು ತಿಂಗಳಿಗೆ ಮುಗಿದದ್ದಿಲ್ಲವೆಂದು ನನಗೆ ಗೊತ್ತಿತ್ತು.

ಸೋಮವಾರ ಸೀನಿಯರ್ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಂದು ಅವರು ಒಪ್ಪಿಸಿದ ಐದು ಜನರಿದ್ದರು. ಮೊದಲ ನಾಲ್ವರು ಹೂಂ ಅಂದರು. ಐದನೆಯವನು ಕುರಿಯವನು. ಮ್ಯಾಜಿಸ್ಟ್ರೇಟರು ಆರೋಪ ಓದಿ, ಒಪ್ಪುತ್ತೀಯಾ ಎಂದು ಕೇಳಿ, ಉತ್ತರ ಬರುವ ಮೊದಲೇ ಪೆನ್ನು ಕಾಗದಕ್ಕೆ ಹಚ್ಚಿದ್ದರು.

"ನಾನು ತಗಂಡಿಲ್ಲ ಸ್ವಾಮಿ."

ಪೆನ್ನು ನಿಂತಿತು. ಸೀನಿಯರ್ ಎದ್ದು, "ಅವನಿಗೆ ಪ್ರಶ್ನೆ ಅರ್ಥವಾಗಿಲ್ಲ, ಸ್ವಾಮಿ," ಎಂದರು.

"ಆಗೈತ್ರಿ," ಎಂದ ಅವನು. "ನಾನು ತಗಂಡಿಲ್ಲ."

ನಾನೆದ್ದು ನನ್ನ ವಕಾಲತ್ತು ಮುಂದಿಟ್ಟೆ. ಸೀನಿಯರ್ ತಿರುಗಿ ನನ್ನನ್ನು ನೋಡಿದರು. ಆ ಮುಖವನ್ನು ನಾನು ಆಗಾಗ ಹೊರತೆಗೆದು ನೋಡಿಕೊಂಡಿದ್ದೇನೆ. ಎಷ್ಟು ಸಲ ತೆಗೆದರೂ ಸವೆದಿಲ್ಲ.

ಹೊರಗೆ ಜಗಲಿಯಲ್ಲಿ ಹಿಡಿದು ನಿಲ್ಲಿಸಿದರು. "ಏನಪ್ಪ, ಇವತ್ತು ಮನೆಗೆ ಹೋಗೋನನ್ನ ವಾಪಸ್ ಒಳಗೆ ಕಳಿಸಿದೆಯಲ್ಲ. ಅವನ ಬದಲು ನೀನು ಮಲಗ್ತೀಯೇನು ಅಲ್ಲಿ?"

"ನಿಮ್ಮ ಮಾತು ಕೇಳಿ ನಮ್ಮಪ್ಪ ಮನೆಗೆ ಬಂದಿದ್ದ," ಎಂದೆ. "ಸೊಸೈಟಿಯ ತೂಕದ ಕಲ್ಲಿನ ಕೇಸು. ಹೊಳಲ್ಕೆರೆ."

"ಯಾವ ಕಲ್ಲು?"

ಹೇಳಿದೆ. ಅವರು ನಿಜವಾಗಿ ಪ್ರಯತ್ನಪಟ್ಟು ನೆನಪಿಸಿಕೊಳ್ಳಲು ನೋಡಿದರು, ಹುಬ್ಬು ಗಂಟಿಕ್ಕಿದರು. ಆಮೇಲೆ ತಲೆಯಾಡಿಸಿದರು. "ಇಲ್ಲಪ್ಪ. ಎಷ್ಟು ಜನ ಬಂದು ಹೋದರು." ಅದರಲ್ಲಿ ಸುಳ್ಳಿರಲಿಲ್ಲ. ನಾನು ಹತ್ತಾರು ವರ್ಷ ಹೊತ್ತು ತಂದದ್ದನ್ನು ಇಳಿಸಲು ಅವರಲ್ಲಿ ಒಂದು ಗೇಣು ಜಾಗವಿರಲಿಲ್ಲ.

ಒಂದು ತಿಂಗಳಾಯಿತು. ಎರಡಾಯಿತು. ಒಮ್ಮೆ ಸಾಕ್ಷಿ ಬರಲಿಲ್ಲ, ಒಮ್ಮೆ ಮ್ಯಾಜಿಸ್ಟ್ರೇಟರು ರಜೆ, ಒಮ್ಮೆ ಖೈದಿಯನ್ನು ಕರೆತರಲು ಪೊಲೀಸರಿಲ್ಲ. ಜಾಮೀನಿಗೆ ಎರಡು ಅರ್ಜಿ ಹಾಕಿದೆ, ಪಹಣಿಯವರು ಸಿಗಲಿಲ್ಲ. ಅಕ್ಕ ಬಾವ ಮಂದೆಯೊಂದಿಗೆ ಆಂಧ್ರದ ಕಡೆ ದಾಟಿದರೆಂದು ಧರ್ಮಪುರದ ಬಸ್ಸಿನ ಕಂಡಕ್ಟರ್ ಹೇಳಿದ. ಅದನ್ನು ಖೈದಿಗೆ ಹೇಳಬೇಕಾದವನು ನಾನೇ.

"ಸಾ, ಈಗ ಹೂಂ ಅಂದ್ರೆ ಬಿಡ್ತಾರಾ?" ಎಂದು ಕೇಳಿದ, ಮೂರನೆಯ ತಿಂಗಳಲ್ಲಿ.

ಬಿಡುತ್ತಿದ್ದರು. ಆ ವಾರವೇ ಬಿಡುತ್ತಿದ್ದರು. "ಇಷ್ಟು ದಿನ ತಡ್ಕಂಡೀಯ, ಇನ್ನೊಂದು ಸ್ವಲ್ಪ" ಎಂದೆ. ಅವನು ತಡೆದುಕೊಂಡ. ಅವನಿಗೆ ನನ್ನ ಮೇಲೆ ನಂಬಿಕೆಯಿತ್ತು. ನನಗೆ ಸೀನಿಯರ್ ಮೇಲೆ ಕಣ್ಣಿತ್ತು.

ಕೊನೆಗೆ ಪಂಚನಾಮೆಯ ಸಾಕ್ಷಿ ಬಂದ. ಕುರಿಯವನ ಗಂಟಿನಿಂದ ಪೊಲೀಸರು ತಂತಿ ತೆಗೆದದ್ದನ್ನು ಕಣ್ಣಾರೆ ಕಂಡೆನೆಂದು ಸಹಿ ಹಾಕಿದವನು. ಠಾಣೆಯ ಎದುರಿಗೆ ಟೀ ಅಂಗಡಿ ಇಟ್ಟವನು.

"ಇಂಥ ಪಂಚನಾಮೆಗೆ ಇದಕ್ಕೂ ಮುಂಚೆ ಸಹಿ ಹಾಕಿದ್ದೀರಾ?"

"ಹಾಕ್ತಿರ್ತೀನ್ರಿ. ಟೀ ಕೊಡೋಕೆ ಹೋದಾಗ ಹಂಗೇ ಹಾಕಿ ಬರ್ತೀನಿ."

ಕೋರ್ಟು ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಸೀನಿಯರೂ ನಕ್ಕರು. ಅವರು ನಕ್ಕದ್ದನ್ನು ನನಗೆ ಸಹಿಸಲಾಗಲಿಲ್ಲ.

"ಗಂಟು ಬಿಚ್ಚಿದ್ದು ಎಲ್ಲಿ? ಹೊಲದಲ್ಲೋ, ಠಾಣೆಯಲ್ಲೋ?"

"ನಾನ್ ಹೊಲಕ್ ಯಾಕ್ ಹೋಗ್ಲಿ ಸ್ವಾಮಿ? ಅಂಗಡಿ ಯಾರ್ ನೋಡ್ಕಂತಾರೆ?"

ಪಂಚನಾಮೆಯಲ್ಲಿ ಹೊಲ ಎಂದು ಬರೆದಿತ್ತು. ಕೇಸು ಅಲ್ಲಿಗೆ ಸತ್ತಿತು. ತೀರ್ಪು ಬಂದದ್ದು ಐದನೆಯ ತಿಂಗಳಲ್ಲಿ: ಆರೋಪಿ ನಿರ್ದೋಷಿ, ಬಿಡುಗಡೆ.

ಹಿರಿಯೂರು ಬಸ್ ಸ್ಟ್ಯಾಂಡಿನವರೆಗೆ ಅವನ ಜತೆ ನಡೆದೆ. ಟೀ ಕುಡಿಯೋಣ ಬಾ ಎಂದೆ.

"ಬ್ಯಾಡ್ರಿ," ಎಂದ. ಅವನ ಮುಖ ಜೈಲಿನ ನೆರಳಿಗೆ ಬಿಳಿಚಿತ್ತು. ಬಿಸಿಲಲ್ಲಿ ಬೆಳೆದವನ ಮುಖದ ಮೇಲೆ ಆ ಬಣ್ಣ ಬೇರೆಯವರ ಅಂಗಿಯ ಹಾಗಿತ್ತು. "ಇನ್ಮ್ಯಾಲೆ ಠಾಣೆಯೋರು ಕರೆಯಲ್ಲ ಅಲ್ವಾ?"

"ಕರೆಯೋ ಹಾಗಿಲ್ಲ. ಕರೆದ್ರೆ ನನಗೆ ಹೇಳು."

"ಒಂದ್ ತಿಂಗ್ಳು ಅಂದಿದ್ರಿ ನೀವು."

ಅಷ್ಟೇ ಹೇಳಿದ. ಬೈಯಲಿಲ್ಲ. ಧರ್ಮಪುರದ ಬಸ್ಸಿಗೆ ಹತ್ತಿ, ನಾನು ನಿಂತ ಕಡೆಯ ಕಿಟಕಿಯ ಪಕ್ಕ ಜಾಗವಿದ್ದರೂ ಆಚೆ ಬದಿಯ ಸೀಟಿಗೆ ಹೋಗಿ ಕೂತ. ಪಶ್ಚಾತ್ತಾಪವಾಯಿತು ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತದೆ. ಬಸ್ಸು ಹೊರಟಾಗ ನನಗಿದ್ದದ್ದು ಒಂದೇ ಆತುರ, ತೀರ್ಪಿನ ನಕಲು ಪಡೆದು ದುರ್ಗದ ಬಸ್ಸು ಹಿಡಿಯಬೇಕು.

ತೀರ್ಪಿನ ನಕಲು ಕೈಗೆ ಬಂದ ದಿನ ಸೀನಿಯರ್ ಆಫೀಸಿಗೆ ಹೋದೆ. ನಾನು ಆರು ವರ್ಷ ಕೂತ ಮೇಜಿನಲ್ಲಿ ಹೊಸ ಜೂನಿಯರ್ ಒಬ್ಬಳು ಬರೆಯುತ್ತಿದ್ದಳು. ಏನು ಬರೆಯುತ್ತಿದ್ದಳೆಂದು ನೋಡದೆಯೂ ನನಗೆ ಗೊತ್ತಿತ್ತು. ನಕಲನ್ನು ಸೀನಿಯರ್ ಮುಂದಿಟ್ಟೆ.

"ಕುಂತ್ಕಳಪ್ಪ," ಎಂದರು. ನಾನು ಕೂರಲಿಲ್ಲ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು, ಒಂದು ಹಾಳೆಯನ್ನು ಎರಡು ಸಲ ಓದಿದರು. ಅವರು ತಲೆಯೆತ್ತಿದಾಗ ಏನು ಹೇಳಬಹುದೆಂದು ಊಹಿಸಿ, ಪ್ರತಿಯೊಂದಕ್ಕೂ ಉತ್ತರ ಹರಿತ ಮಾಡಿ ತಂದಿದ್ದೆ. ಅದೃಷ್ಟ ಅಂದರೆ ಒಂದು ಉತ್ತರ. ಹಟ ಅಂದರೆ ಒಂದು. ಭೇಷ್ ಅಂದರೆ ಅದಕ್ಕೂ ಒಂದು, ಎಲ್ಲಕ್ಕಿಂತ ಹರಿತವಾದದ್ದು.

ಅವರು ಕನ್ನಡಕ ತೆಗೆದು, "ಅವನ ಕುರಿ ಸಿಕ್ಕಿದ್ವಾ?" ಎಂದು ಕೇಳಿದರು.

ಬಸ್ ಸ್ಟ್ಯಾಂಡಿನಲ್ಲಿ ಅವನ ಪಕ್ಕದಲ್ಲೇ ನಿಂತಿದ್ದಾಗ ನಾನು ಅದನ್ನು ಕೇಳಿರಲಿಲ್ಲ. ಹೊಸ ಜೂನಿಯರ್ ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು. ಸೀನಿಯರ್ ಕಾದರು, ನಿಜಕ್ಕೂ ತಿಳಿಯಬೇಕೆಂಬಂತೆ, ಮುದುಕರ ತಾಳ್ಮೆಯಿಂದ ಕಾದರು. ಮೆಟ್ಟಿಲಿಳಿದು ರಸ್ತೆಗೆ ಬಂದೆ. ಅಪ್ಪನಿಗೆ ಮಾಡಿದ್ದಕ್ಕಿಂತಲೂ, ಆ ಪ್ರಶ್ನೆ ನನಗಿಂತ ಮೊದಲು ಅವರಿಗೆ ಹೊಳೆದದ್ದಕ್ಕೆ ನಾನು ಅವರನ್ನು ಹೆಚ್ಚು ದ್ವೇಷಿಸಿದೆ. ಈಗಲೂ ದ್ವೇಷಿಸುತ್ತೇನೆ.