ರತ್ನಮ್ಮನ ತಲೆಯ ಮೇಲಿದ್ದ ಕೈ

ಸಭೆಯಲ್ಲಿ ಯಾರಾದರೂ ಎದ್ದು ನಿಂತು, ಕರ್ತನು ಕನಸಿನಲ್ಲಿ ಬಂದು ಮುಟ್ಟಿದನು ಎಂದು ಸಾಕ್ಷಿ ಹೇಳತೊಡಗಿದರೆ ನಾನು ತಲೆ ತಗ್ಗಿಸಿಬಿಡುತ್ತಿದ್ದೆ. ಪಾದ್ರಿಯ ಹೆಂಡತಿಯೇ ಇಂಥದನ್ನು ನಂಬುವುದಿಲ್ಲವೆಂದು ಮುಖ ನೋಡಿದವರಿಗೆ ಗೊತ್ತಾಗಬಾರದಲ್ಲ! ದೇವರನ್ನು ನಂಬುತ್ತೇನೆ. ದೇವರ ಹೆಸರಿನಲ್ಲಿ ಜನ ಹೇಳುವುದನ್ನೆಲ್ಲ ನಂಬುವ ಜಾಯಮಾನ ನನ್ನದಲ್ಲ. ಅಂಥ ನಾನೇ ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟವೇನೂ ಇಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಪತಿಗೆ ಯಲಹಂಕದ ಸಭೆಗೆ ವರ್ಗವಾದಾಗ, ಅದರ ಜೊತೆಗೆ ಹೆಸರಘಟ್ಟದ ಆಚೆಯ ಒಂದು ಪುಟ್ಟ ಹಟ್ಟಿಯೂ ನಮ್ಮ ಪಾಲಿಗೆ ಬಂತು. ಕಲ್ಲು ಒಡೆಯುವವರ ಹಟ್ಟಿ. ರಾತ್ರಿ ಅಲ್ಲಿಂದ ಬೆಂಗಳೂರಿನ ದೀಪಗಳು ಕಾಣುತ್ತವಂತೆ, ಆದರೆ ಬಸ್ಸು ಹೋಗುವುದಿಲ್ಲ. ಕೊನೆಯ ಸ್ಟಾಪಿನಲ್ಲಿ ಇಳಿದು, ಹುಲ್ಲುಗಾವಲು ದಾಟಿ, ಕ್ವಾರಿ ಲಾರಿಗಳು ಕೆಡಿಸಿಟ್ಟ ದಾರಿಯಲ್ಲಿ ನಡೆಯಬೇಕು. ಭಾನುವಾರ ಪತಿಗೆ ಊರಿನ ಆರಾಧನೆಯೇ ಆಗುತ್ತಿದ್ದುದರಿಂದ ಹಟ್ಟಿಯ ಸೇವೆ ನನ್ನ ಹೆಗಲಿಗೆ ಬಿತ್ತು. ಮಕ್ಕಳಿಗೆ ಓದು ಹೇಳಿಕೊಟ್ಟೆ. ಕಲ್ಲಿನ ಧೂಳು ಕುಡಿದು ಕೆಮ್ಮುತ್ತಿದ್ದ ಗಂಡಸರನ್ನು ಆಸ್ಪತ್ರೆಗೆ ಕರೆದೊಯ್ದು ಅವರ ಪರವಾಗಿ ಕ್ಯೂ ನಿಂತೆ. ಅಭ್ಯಾಸವಿಲ್ಲದಿದ್ದರೂ ಮುದ್ದೆ ನುಂಗಿದೆ.

ಏನು ಮಾಡಿದರೂ ಅವರ ಬಾಯಲ್ಲಿ ಬರುತ್ತಿದ್ದುದು ಸುಲೋಚನಾ ಸಿಸ್ಟರ್ ಹೆಸರೇ. ನಾವು ಬರುವ ಎಷ್ಟೋ ಮೊದಲು ಹಟ್ಟಿಯಲ್ಲೇ ಮನೆ ಮಾಡಿಕೊಂಡಿದ್ದು, ಅಲ್ಲಿನ ಅರ್ಧ ಜನರ ಹೆರಿಗೆ ಮಾಡಿಸಿದ ನರ್ಸ್ ಅವರು. ವಯಸ್ಸಾಗಿ ಗಂಗಾನಗರದ ಒಂದು ವೃದ್ಧಾಶ್ರಮ ಸೇರಿದ್ದರು. ನಾನು ಅವರನ್ನು ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ನಾನು ಹಾಡು ಎತ್ತಿದರೆ ಸಿಸ್ಟರ್ ರಾಗ ಬೇರೆ ಇತ್ತು ಎನ್ನುವರು. ಗಾಯಕ್ಕೆ ಪಟ್ಟಿ ಕಟ್ಟಿದರೆ ಸಿಸ್ಟರ್ ಕಟ್ಟಿದ್ದು ಬಿಚ್ಚುತ್ತಲೇ ಇರಲಿಲ್ಲ ಎನ್ನುವರು. ನಾನು ಅವರಿಗೆ ‘ಅಮ್ಮನೋರು’. ಪಾದ್ರಿಯ ಹೆಂಡತಿಯಾಗಿ ಯಾರು ಬಂದರೂ ಆ ಹೆಸರು ಸಿಗುತ್ತದೆ. ಸಿಸ್ಟರ್ ಮಾತ್ರ ‘ನಮ್ಮಕ್ಕ’. ಮೊದಲ ಹೆಂಡತಿಯ ಗುಣಗಾನ ಕೇಳಿಕೊಂಡು ಸಂಸಾರ ಮಾಡುವ ಎರಡನೆಯವಳ ಪಾಡು ನನ್ನದಾಗಿತ್ತು. ಹೊಟ್ಟೆ ಉರಿಯುತ್ತಿತ್ತು. ಈಗಲೂ ಪೂರ್ತಿ ಆರಿಲ್ಲ.

ಸಿಸ್ಟರ್ ಹಾಕಿಕೊಟ್ಟ ಒಂದು ಕಟ್ಟುನಿಟ್ಟು ಅಲ್ಲಿತ್ತು. ಪ್ರಾರ್ಥನೆ ಶುರುವಾದರೆ ಆಮೆನ್ ಅನ್ನುವವರೆಗೆ ಯಾರೂ ಕಣ್ಣು ಬಿಡುವಂತಿಲ್ಲ. ಬಿಟ್ಟರೆ ಪ್ರಾರ್ಥನೆ ಮುರಿಯುತ್ತದೆ, ಮತ್ತೆ ಮೊದಲಿನಿಂದ ಹೇಳಬೇಕು. ಒಮ್ಮೆ ಒಲೆಯ ಮೇಲೆ ಹಾಲು ಉಕ್ಕಿದ ಸದ್ದಿಗೆ ನಾನು ಕಣ್ಣು ಬಿಟ್ಟು, ಪುಟ್ಟತಾಯಮ್ಮ ಎಂಬ ಮುದುಕಿಯ ಕೈಗೆ ಸಿಕ್ಕಿಬಿದ್ದೆ. ನಮ್ಮಕ್ಕ ಒಂದು ದಿನವೂ ಹಾಗೆ ಮಾಡಿದವರಲ್ಲ ಎಂದು ಎಲ್ಲರೆದುರು ಹೇಳಿದಳು. ತಾನು ಕಣ್ಣು ಮುಚ್ಚಿದ್ದರೆ ನಾನು ಬಿಟ್ಟದ್ದು ಅವಳಿಗೆ ಹೇಗೆ ಕಂಡಿತು ಎಂದು ನಾನು ಕೇಳಲಿಲ್ಲ.

ಅಲ್ಲಿ ನನ್ನವಳು ಎನಿಸಿದ್ದವಳು ಒಬ್ಬಳೇ, ಪುಟ್ಟತಾಯಮ್ಮನ ಸೊಸೆ ರತ್ನಮ್ಮ. ಅವಳು ಮದುವೆಯಾಗಿ ಬರುವ ಹೊತ್ತಿಗೆ ಸಿಸ್ಟರ್ ಹಟ್ಟಿ ಬಿಟ್ಟಾಗಿತ್ತು. ಅವರ ಮುಖವನ್ನೇ ನೋಡದವಳು. ಅವಳ ಹತ್ತಿರ ಕೂತರೆ ನನ್ನನ್ನು ಯಾರ ಜೊತೆಗೂ ತೂಗಿ ನೋಡುತ್ತಿರಲಿಲ್ಲ.

ಅವಳಿಗೆ ಹೆಣ್ಣುಮಗುವಾಗಿ ಇನ್ನೂ ವಾರ ತುಂಬಿರಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಜ್ವರ ನೆತ್ತಿಗೇರಿ ಮಲಗಿದ್ದಳು. ಕರೆದರೆ ಗುರುತು ಹಿಡಿಯಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಆ ದಾರಿಗೆ ಇಳಿಯಲಾಗದೆ ದೂರದಲ್ಲೇ ನಿಂತಿತು. ಅಲ್ಲಿಯವರೆಗೆ ಅವಳನ್ನು ಸಾಗಿಸಲು ಟ್ರಾಕ್ಟರ್ ತರುತ್ತೇನೆಂದು ಅವಳ ಗಂಡ ಓಡಿದ. ನಮಗೆ ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಪ್ರಾರ್ಥನೆ ಮಾಡಿ ಎಂದಳು ಪುಟ್ಟತಾಯಮ್ಮ. ನಾನು ಮೊಣಕಾಲೂರಿ, ಕಣ್ಣು ಮುಚ್ಚಿ, ರತ್ನಮ್ಮನ ತಲೆಯ ಮೇಲೆ ಕೈ ಇಟ್ಟೆ.

ನನ್ನ ಅಂಗೈಗೆ ಕೂದಲು ಸಿಗಲಿಲ್ಲ, ಇನ್ನೊಂದು ಕೈ ಸಿಕ್ಕಿತು. ತಣ್ಣಗಿತ್ತು, ಬರೀ ಮೂಳೆ. ಹೆಬ್ಬೆರಳು ಒಳಕ್ಕೆ ಸೊಟ್ಟಗಾಗಿತ್ತು. ಮುದುಕಿಯದಿರಬೇಕು ಎಂದುಕೊಂಡೆ. ಆದರೆ ಅವಳ ಅಳು ನನ್ನ ಬೆನ್ನ ಹಿಂದೆ, ಬಾಗಿಲ ಬಳಿ ಕೇಳುತ್ತಿತ್ತು. ಒಳಗೆ ಬೇರೆ ಯಾರೂ ಇರಲಿಲ್ಲ. ಕಣ್ಣು ಬಿಡಬಹುದಿತ್ತು. ಬಿಟ್ಟು, ಪ್ರಾರ್ಥನೆ ಮುರಿದು, ಈ ಹುಡುಗಿ ಸತ್ತರೆ? ಅಂಥದನ್ನೆಲ್ಲ ನಂಬದ ನಾನು ಆ ಗಳಿಗೆಯಲ್ಲಿ ನಂಬಿದೆ. ಆ ಕೈ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಭಯವಾಗಲಿಲ್ಲ, ಸಿಟ್ಟು ಬಂತು. ನನಗೆ ಇರುವವಳು ಇವಳೊಬ್ಬಳು, ಇಲ್ಲಿಗೂ ಬಂದಿರಾ ಸಿಸ್ಟರ್ ಎನ್ನಿಸಿತು. ಆ ಕೈಯನ್ನು ಪಕ್ಕಕ್ಕೆ ಸರಿಸಲು ನೋಡಿದೆ. ಸರಿಯಲಿಲ್ಲ. ಬಲವಾಗಿ ಅದುಮಿದೆ. ಬಾಯಲ್ಲಿ ಪ್ರಾರ್ಥನೆ ನಡೆದಿತ್ತು, ಒಳಗೆ ಜಗಳ. ಆಮೆನ್ ಎಂದು ಕಣ್ಣು ಬಿಟ್ಟಾಗ ಬೆವೆತ ಕೂದಲಿನ ಮೇಲೆ ನನ್ನ ಕೈ ಒಂದೇ ಇತ್ತು.

ಟ್ರಾಕ್ಟರ್ ಬಂತು, ಆಸ್ಪತ್ರೆ ಸೇರಿಸಿದೆವು. ಡಾಕ್ಟರು ಔಷಧಿ ಕೊಟ್ಟರು, ರತ್ನಮ್ಮ ಬದುಕಿದಳು. ಔಷಧಿಯಿಂದಲೇ ಎಂದು ನಾನು ಸಮಾಧಾನ ಮಾಡಿಕೊಂಡೆ. ಆ ಕೈಯ ವಿಷಯ ಪತಿಗೂ ಹೇಳಲಿಲ್ಲ. ಅವಳು ಹಟ್ಟಿಗೆ ಮರಳಿದ ಮೇಲೆ ಕೃತಜ್ಞತೆಯ ಕೂಟದಲ್ಲಿ ಮಗು ಎತ್ತಿಕೊಂಡು ಸಾಕ್ಷಿ ಹೇಳಲು ನಿಂತಳು.

“ಜ್ವರದಾಗೆ ನಂಗೆ ಗ್ಯಾನ ಇರ್ಲಿಲ್ಲ. ತಲೆ ಮ್ಯಾಲೆ ತಣ್ಣಗೆ ಒಂದ್ ಕೈ ಇತ್ತು, ಎಬ್ಬೆಟ್ಟು ಸೊಟ್ಟ. ನಮ್ಮಕ್ಕ ಬಂದಿದ್ರು.”

ಪುಟ್ಟತಾಯಮ್ಮ ಗೊಳೋ ಎಂದು ಅತ್ತಳು. ಕ್ವಾರಿಯ ಕಲ್ಲು ಬಿದ್ದು ಸಿಸ್ಟರ್ ಹೆಬ್ಬೆರಳು ಮುರಿದದ್ದು ಹಳಬರಿಗೆಲ್ಲ ಗೊತ್ತಿತ್ತು. ರತ್ನಮ್ಮನಿಗೆ ಅತ್ತೆ ಎಂದಾದರೂ ಹೇಳಿರಬಹುದು. ನನಗಂತೂ ಯಾರೂ ಹೇಳಿರಲಿಲ್ಲ. ನೋಡದವಳ ಬಾಯಲ್ಲೂ ಈಗ ‘ನಮ್ಮಕ್ಕ’. ನನ್ನ ಕೈಯ ಸುದ್ದಿ ಅವಳು ಎತ್ತಲೇ ಇಲ್ಲ.

ಮುಂದಿನ ವಾರ ಗಂಗಾನಗರಕ್ಕೆ ಹೋದೆ. ಸಿಸ್ಟರ್ ಹಾಸಿಗೆಯಲ್ಲಿ ಒಂದು ಹಿಡಿಯಷ್ಟಾಗಿದ್ದರು. ಹಟ್ಟಿಯ ಹೆಸರು ಹೇಳಿದೆ, ನೆನಪಾಗಲಿಲ್ಲ. ಪುಟ್ಟತಾಯಮ್ಮನ ಹೆಸರು ಹೇಳಿದೆ, ಅದೂ ಇಲ್ಲ. ನಿಮಗೆ ಕಾಫಿ ಕೊಟ್ಟರೇ ಎಂದು ಮಾತ್ರ ಎರಡು ಸಲ ವಿಚಾರಿಸಿದರು. ನಾನು ಹೊರಡಲು ಎದ್ದಾಗ ಬಲಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು, “ನಿಮ್ ಕೈ ತುಂಬಾ ಭಾರ ಕಣಮ್ಮ,” ಅಂದರು. ನಾನು ಅವರನ್ನು ಮುಟ್ಟಿಯೇ ಇರಲಿಲ್ಲ. ಅಲ್ಲಿದ್ದ ಆಯಾ ನಕ್ಕು, ಅಜ್ಜಿ ಎಲ್ಲರಿಗೂ ಹಾಗೇ ಅಂತಾರೆ, ಸ್ನಾನ ಮಾಡಿಸುವಾಗ ನನಗೂ ಅಂತಾರೆ ಎಂದಳು. ಇರಬಹುದು.

ಸಿಸ್ಟರ್ ಈಗಿಲ್ಲ. ಆ ಕೈ ಅವರದೇ ಆಗಿದ್ದರೆ ಹಟ್ಟಿಯ ಹೆಸರೂ ಅವರಿಗೆ ಯಾಕೆ ನೆನಪಿರಲಿಲ್ಲ? ಅವರದಲ್ಲದಿದ್ದರೆ, ನನಗೆ ಗೊತ್ತೇ ಇರದ ಸೊಟ್ಟ ಬೆರಳು ನನ್ನ ಅಂಗೈಗೆ ಎಲ್ಲಿಂದ ಬಂತು? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಆ ಮಗುವಿನ ದೀಕ್ಷಾಸ್ನಾನದ ದಿನ ಅದನ್ನು ಎತ್ತಿಕೊಳ್ಳುವ ಗೌರವವನ್ನು ರತ್ನಮ್ಮ ನನಗೇ ಕೊಟ್ಟಳು. ನನಗೆ ಹಿಗ್ಗೋ ಹಿಗ್ಗು. ಈ ಮಗುವಿಗೆ ಹೆಸರೇನು ಎಂದು ಪಾದ್ರಿ ಕೇಳಿದಾಗ, ಎತ್ತಿಕೊಂಡವರೇ ಉತ್ತರ ಕೊಡುವುದು ನಮ್ಮಲ್ಲಿ ಪದ್ಧತಿ. ಪತಿ ಕೇಳಿದರು. ರತ್ನಮ್ಮ ನನ್ನ ಕಿವಿಯಲ್ಲಿ ಹೆಸರು ಹೇಳಿದಳು.

“ಸುಲೋಚನಾ,” ಎಂದೆ.

“ಜೋರಾಗಿ ಏಳಿ ಅಮ್ಮನೋರೆ, ಕೇಳಿಸ್ಲಿಲ್ಲ,” ಎಂದಳು ಹಿಂದಿನಿಂದ ಪುಟ್ಟತಾಯಮ್ಮ.

ಇನ್ನೊಮ್ಮೆ ಹೇಳಿದೆ.