ಅಡಿಪಟ್ಟಿ ಅಕ್ಕ ಕೇಳಿಸಿದ ಪ್ರಶ್ನೆ

ರಾಜಕೀಯ ವರದಿಗಾರಿಕೆಯೆಂಬ ಹೊಲದಲ್ಲಿ ಬಿತ್ತಿದವರು ಬಹಳ, ಬೆಳೆದವರೂ ಬಹಳ. ಯಾರ ಪಾಲಿಗೆ ಎಷ್ಟು ನೆಲ ಬಂತೆಂದು ಬದುವಿನ ಮೇಲೆ ನಿಂತು ಅಳೆದವರು ಮಾತ್ರ ವಿರಳ. ಅಂಥ ವಿರಳರಲ್ಲೊಬ್ಬರು, ಮೂವತ್ತನಾಲ್ಕು ವರ್ಷ ಪತ್ರಿಕೆಯಲ್ಲಿ ದುಡಿದು, ಅದರಲ್ಲಿ ಕೊನೆಯ ಹದಿನೆಂಟು ವರ್ಷ ಹೆಣ್ಣುಮಕ್ಕಳಿಗೆ ಚುನಾವಣೆಯ ವರದಿ ಬರೆಯುವುದನ್ನು ಕಲಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಅಡಿಪಟ್ಟಿ ಅಕ್ಕ. ಆ ಹೆಸರನ್ನು ಅಚ್ಚಿನ ವಿಭಾಗದವರು ಗೇಲಿಗೆಂದು ಇಟ್ಟರು. ಅಕ್ಕ ಅದನ್ನು ಬಿರುದಿನಂತೆ ಧರಿಸಿದರು.

ಅವರ ತರಬೇತಿ ಕೊಠಡಿ ಮುದ್ರಣಯಂತ್ರದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಯಂತ್ರ ಓಡಿದರೆ ಮೇಲೆ ನಮ್ಮ ಉದ್ದನೆಯ ಮೇಜು ನಡುಗುತ್ತಿತ್ತು. ಬೆಳಿಗ್ಗೆ ಬಂದವರ ಕೈಗೆ ಹಿಂದಿನ ದಿನದ ಪತ್ರಿಕೆ ಮತ್ತು ಮರದ ಅಡಿಪಟ್ಟಿ. ಗಂಡು ಅಭ್ಯರ್ಥಿಗೆ ಎಷ್ಟು ಅಂಗುಲ, ಹೆಣ್ಣು ಅಭ್ಯರ್ಥಿಗೆ ಎಷ್ಟು, ಆ ಅಂಗುಲಗಳು ಏನು ಹೇಳಿದವು ಎಂದು ಬರೆಯಬೇಕು. ಒಮ್ಮೆ ವಕೀಲೆಯೊಬ್ಬರಿಗೆ ದಕ್ಕಿದ ನಾಲ್ಕು ಅಂಗುಲದಲ್ಲಿ ಮೂರು ಅವರ ಉಡುಪಿಗೆ, ನಗುವಿಗೆ, ಮಕ್ಕಳಿಗೆ ಹೋಗಿತ್ತು.

“ಎದುರಾಳಿ ಸಾಹೇಬರ ಅಂಗಿ ಯಾವ ಬಣ್ಣ ಅಂತ ಯಾರಿಗಾದ್ರೂ ಗೊತ್ತೇನ್ರೇ?” ಎಂದರು ಅಕ್ಕ. ನಾವು ನಕ್ಕೆವು; ಆ ವರದಿ ಬರೆದವಳು ನಮ್ಮಲ್ಲೇ ಒಬ್ಬಳು, ಅವಳೂ ನಕ್ಕಳು.

ನಾನಾಗ ಅಡುಗೆ ಪುಟ ನೋಡಿಕೊಳ್ಳುತ್ತಿದ್ದೆ. “ನಗರಸಭೆ ಚುನಾವಣೆ ಒಂದು ಕೊಟ್ಟು ನೋಡೋಣ. ಆಗ್ಲಿಲ್ಲ ಅಂದ್ರೆ ನಿನ್ನ ಅಡುಗೆ ಪುಟ ಎಲ್ಲಿಗೂ ಓಡಿಹೋಗಲ್ಲ,” ಎಂದಿದ್ದರು ಸಂಪಾದಕರು. ನನ್ನ ಪಾಲಿಗೆ ಬಂದ ವಾರ್ಡಿನಲ್ಲಿ ಸದಸ್ಯೆಯಾಗಿದ್ದ ನರ್ಸ್ ಒಬ್ಬರು ಎರಡನೆಯ ಸಲ ನಿಂತಿದ್ದರು. ಎದುರಿಗೆ ಪೀಠೋಪಕರಣದ ಅಂಗಡಿಯವರು. ಇಬ್ಬರಿಗೂ ಸಮಸಮ ಅಂಗುಲ ಅಳೆದು, ಉಡುಪಿನ ಸುದ್ದಿಯೇ ಇಲ್ಲದಂತೆ ಬರೆದು, ಹೆಮ್ಮೆಯಿಂದ ಅಕ್ಕನ ಮುಂದಿಟ್ಟೆ. ಅವರು ಓದಿ, ಅಡಿಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

“ಅಂಗಡಿಯವರಿಗೆ ಐದು ಪ್ರಶ್ನೆ, ಐದೂ ಮುಳ್ಳು. ಈಕೆಗೆ ಬರೀ ಹೂವು. ಹೋದ ಸಲ ಆಸ್ಪತ್ರೆ ರಸ್ತೆಗೆ ದೀಪ ಹಾಕಿಸ್ತೀನಿ ಅಂದಿದ್ರಲ್ಲ, ಎಲ್ಲಮ್ಮಾ ದೀಪ?”

“ಪಾಪ ಅಕ್ಕ, ಎಲ್ಲರೂ ಅವರನ್ನ ಆಡ್ಕೊಳ್ತಾರೆ. ನಾನೂ ಯಾಕೆ ಅಂತ...”

“ಪಾಪ ಅಂದ್ಯಲ್ಲ, ಅಲ್ಲೇ ಅವರನ್ನ ಚಿಕ್ಕವರು ಮಾಡ್ಬಿಟ್ಟೆ.”

ಆಮೇಲೆ ಒಂದು ಕತೆ ಹೇಳಿದರು. ಒಂದಾನೊಂದು ಊರಿನ ಅಂಬಿಗನ ದೋಣಿ ಎಡಕ್ಕೆ ವಾಲುತ್ತಿತ್ತಂತೆ. ಎಡದವರ ಮೇಲೆ ಕರುಣೆ ಉಕ್ಕಿ ಎಲ್ಲರನ್ನೂ ಬಲಕ್ಕೆ ಕೂರಿಸಿದನಂತೆ. ದೋಣಿ ಮುಳುಗಿತು, ಬಲಕ್ಕೆ.

“ಪುಟ ಮುಚ್ಚೋಕೆ ಎರಡು ಗಂಟೆ ಇದೆ. ಹೋಗಿ ಕೇಳ್ಕೊಂಡು ಬಾ.”

“ತಡ ಆದ್ರೆ?”

“ಅಡುಗೆ ಪುಟ. ಇದನ್ನ ಹೀಗೇ ಕೊಟ್ರೂ ನೀನು ಬರೆದದ್ದು ಅಡುಗೆ ಪುಟಾನೇ. ಸಿಹಿ ಸ್ವಲ್ಪ ಜಾಸ್ತಿ.”

ನಾನು ಓಡಿದೆ. ಆ ನರ್ಸಮ್ಮ ಪ್ರಶ್ನೆ ಕೇಳಿಸಿಕೊಂಡು ನನ್ನ ಮುಂದೆ ಕುರ್ಚಿ ಎಳೆದು ಹಾಕಿದರು. “ಇಷ್ಟು ದಿನ ಬಂದೋರೆಲ್ಲ ಮನೇಲಿ ಮಕ್ಕಳನ್ನ ಯಾರು ನೋಡ್ಕೊಳ್ತಾರೆ ಅಂತ ಕೇಳಿದ್ರು. ದೀಪ ಕೇಳಿದ್ದು ನೀನೊಬ್ಬಳೇ. ಕೂತ್ಕೋ. ಎರಡು ವರ್ಷ ಕಚೇರಿಗೆ ಅಲೆದೆ, ಆಮೇಲೆ ಬೇಸತ್ತು ಕೈಬಿಟ್ಟೆ. ಬಿಡಬಾರದಿತ್ತು. ಹಾಗೇ ಬರ್ಕೋ.”

ಗಡುವು ಮೀರಿ ಹತ್ತು ನಿಮಿಷಕ್ಕೆ ಮರಳಿದಾಗ, ಅಕ್ಕ ಪುಟ ಕಟ್ಟುವವರ ಪಕ್ಕ ಸ್ಟೂಲಿನ ಮೇಲೆ ಕುಳಿತು, ಖಾಲಿ ಜಾಗದ ಮೇಲೆ ಅಡಿಪಟ್ಟಿ ಇಟ್ಟು ಕಾಯುತ್ತಿದ್ದರು. “ಈ ಅಮ್ಮ ಕೈ ತೆಗೀತಾನೇ ಇಲ್ಲ ಕಣಮ್ಮಾ,” ಎಂದು ಪುಟ ಕಟ್ಟುವವರು ಗೋಳಾಡಿದರು. ವರದಿ ಅಚ್ಚಾಯಿತು. ಮರುದಿನ ಸಂಪಾದಕರು ಹೊಗಳಲಿಲ್ಲ. “ನಾಳೆಯಿಂದ ರಾಜಕೀಯ ವಿಭಾಗದ ಮೀಟಿಂಗಿಗೆ ಬಾ,” ಎಂದರು. ನಾನು ಅಡುಗೆ ಪುಟಕ್ಕೆ ಮರಳಲಿಲ್ಲ.

ಈ ಲೇಖನದ ಕರಡನ್ನೂ ಅಕ್ಕನಿಗೆ ಒಯ್ದು ತೋರಿಸಿದೆ. ಅಳೆದರು. “ಹದಿನಾರು ಅಂಗುಲ ಹೊಗಳಿಕೆ. ನನ್ನ ಪಾಲಿನ ಮುಳ್ಳೆಲ್ಲಿ?”

ಕಲಿಸಿದವರೇ ಕೇಳಿದ ಮೇಲೆ ಹಿಂಜರಿಯುವುದು ಗುರುದ್ರೋಹವೆಂದು, ದೇವರನ್ನು ನೆನೆದು ಕೇಳಿದೆ: “ಈ ಕೊಠಡಿಗೆ ಮುಂಚೆ ಆರು ವರ್ಷ ನೀವೇ ಚುನಾವಣಾ ವಿಭಾಗದ ಮುಖ್ಯಸ್ಥರು. ಒಬ್ಬ ಹೆಣ್ಣುಮಗಳನ್ನೂ ಪ್ರಚಾರ ಸಭೆಗೆ ಕಳಿಸಲಿಲ್ಲವಲ್ಲ ಅಕ್ಕ, ಯಾಕೆ?”

ಕೆಳಗೆ ಯಂತ್ರ ಓಡುತ್ತಿತ್ತು. ಅಕ್ಕ ಅಡಿಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

“ಪಾಪ, ಯಾಕೆ ತೊಂದರೆ ಅಂದ್ಕೊಂಡೆ. ಇಬ್ಬರು ಬೇಸತ್ತು ಕೆಲಸಾನೇ ಬಿಟ್ರು. ನನಗಿಂತ ಚೆನ್ನಾಗಿ ಬರೀತಿದ್ರು. ಅವರು ಹೋದ ಮೇಲೆ ಈ ಕೊಠಡಿ ತೆರೆದೆ. ಬರಿ.”

ಬರೆದಿದ್ದೇನೆ. ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಆ ಮಹಡಿ ಹತ್ತುತ್ತೇನೆಂದು ಅಕ್ಕ ಮಾತು ಕೊಟ್ಟಿದ್ದಾರೆ. ಮೊಣಕಾಲುಗಳು ಆ ಮಾತನ್ನು ನಡೆಸಿಕೊಡಲಿ. ಎಲ್ಲರಿಗೂ ಸಮನಾಗಿ ಅಳೆಯುವ ಆ ಭಗವಂತ ಇವರ ಆಯುಷ್ಯ ಅಳೆಯುವಾಗ ಮಾತ್ರ ಒಂದಿಷ್ಟು ಪಕ್ಷಪಾತ ಮಾಡಲಿ. ಈ ಸಾಲನ್ನು ಕಂಡರೆ ಅಕ್ಕ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕುತ್ತಾರೆ. ಅದಕ್ಕೇ ಇದೊಂದನ್ನು ಅವರಿಗೆ ತೋರಿಸದೆ ಅಚ್ಚಿಗೆ ಕಳಿಸಿದ್ದೇನೆ.