ಬಾಂದವಲ್ಲ, ದಡಿ

ಹೂವಿನ ಪಾತಿಯ ಸುತ್ತ ನೆಟ್ಟ ಹನ್ನೊಂದನೆಯ ಇಟ್ಟಿಗೆ ಉಳಿದವುಗಳಿಗಿಂತ ಅರ್ಧ ಬೆರಳು ಹೊರಗೆ ಬಂದಿತ್ತು. ದಾರಿಯಲ್ಲಿ ಹೋಗುವ ಯಾರಿಗೂ ಅದು ಕಾಣುವುದಿಲ್ಲ. ನನಗೆ ಮಾತ್ರ ಅಡುಗೆಮನೆಯ ಕಿಟಕಿಯಿಂದಲೂ ಕಾಣುತ್ತಿತ್ತು. ಕಿತ್ತು ಮತ್ತೆ ನೆಟ್ಟೆ. ಸಾಲು ತಪ್ಪಿದ್ದನ್ನು ಕಂಡರೆ ಕುಡಿದ ನೀರೂ ಅರಗದ ಹೊಟ್ಟೆ ನನ್ನದು.

ಇದಕ್ಕೆಲ್ಲ ಕಾರಣ ಅಕ್ಕಲಕೋಟೆಯ ಮಾವಶಿ, ಅವ್ವನ ತಂಗಿ. ಹೋದ ತಿಂಗಳು ಸೊಲ್ಲಾಪುರಕ್ಕೆ ಬಂದವಳು ರಿಕ್ಷಾದಿಂದ ಇಳಿಯುವ ಮೊದಲೇ ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿ, "ಮನಿ ಚಂದ ಐತಿ ಬಿಡವಾ. ಆದ್ರ ತಲಿ ಬಾಚ್ಕೊಳ್ಳದ ಬಾಗಲಕ್ಕ ಬಂದು ನಿಂತಂಗ ಕಾಣಸ್ತೈತಿ" ಎಂದಳು. ಸುಳ್ಳಲ್ಲ. ಹೂವಿನ ಪಾತಿ ಎಲ್ಲಿ ಮುಗಿದು ಅಂಗಳ ಎಲ್ಲಿ ಶುರುವಾಗುತ್ತದೆ ಎಂಬುದು ನಮ್ಮ ಸೇವಂತಿ ಗಿಡಗಳಿಗೂ ಗೊತ್ತಿರಲಿಲ್ಲ. ನೀರು ಹಾಕಿದಾಗಲೆಲ್ಲ ಕರಿಮಣ್ಣು ಹರಿದು ಮೆಟ್ಟಿಲವರೆಗೆ ಬರುತ್ತಿತ್ತು.

ಹಳೆಯ ಇಟ್ಟಿಗೆಗಳನ್ನು ಒಂದಕ್ಕೊಂದು ಓರೆಯಾಗಿ ಒರಗಿಸಿ, ಅರ್ಧ ಹೂತು, ಪಾತಿಯ ಸುತ್ತ ಹಲ್ಲಿನ ಸಾಲಿನಂತೆ ನಿಲ್ಲಿಸಿದೆ. ಓರೆ ಎಲ್ಲಕ್ಕೂ ಒಂದೇ ಇರಲೆಂದು ಕೋನಮಾಪಕ ಹಿಡಿದದ್ದನ್ನು ನಿಮಗಷ್ಟೇ ಹೇಳುತ್ತಿದ್ದೇನೆ. ಮೇಲೆ ಕೆಮ್ಮಣ್ಣು ಬಳಿದ ಮೇಲಂತೂ ಮನೆ ಫೋಟೋಕ್ಕೆ ಕುಳಿತಂತೆ ಕಂಡಿತು.

ಪಕ್ಕದ ಮನೆಯ ಚಿಕ್ಕಮ್ಮ, ನಮ್ಮ ಬಾಯಲ್ಲಿ ಕಾಕು, ನಾಗಣಸೂರಿನ ಒಕ್ಕಲು ಮನೆತನದವರು. ನಮ್ಮೆರಡು ಮನೆಗಳ ನಡುವೆ ಗೋಡೆಯಿಲ್ಲ. ದಿನಾ ಸಂಜೆ ಬಟ್ಟಲಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಹಿಡಿದು, ಪಾತಿಯ ಮೂಲೆಯನ್ನೇ ದಾಟಿ ಅವರು ನಮ್ಮಲ್ಲಿಗೆ ಬರುತ್ತಾರೆ. ಕೆಮ್ಮಣ್ಣು ಬಳಿದ ದಿನವೂ ದಾಟಲು ಕಾಲೆತ್ತಿದರು. ನಾನು ಗಾಬರಿಯಿಂದ, "ಕಾಕು, ಬಾಂದ ಇನ್ನಾ ಹಸಿ ಐತ್ರಿ, ದಾಟಬ್ಯಾಡ್ರಿ!" ಎಂದೆ.

ಎತ್ತಿದ ಕಾಲು ಹಿಂದಕ್ಕೆ ಹೋಯಿತು. "ಆತವಾ" ಎಂದರು. ಬಟ್ಟಲೂ ಅವರ ಜೊತೆಗೇ ಹೋಯಿತು.

ಮೂರು ದಿನ ಕಾಕು ಇಲ್ಲ, ಹಿಂಡಿ ಇಲ್ಲ. ರೊಟ್ಟಿಯನ್ನು ಬರಿ ಮೊಸರಲ್ಲಿ ಅದ್ದಿ ತಿಂದೆ. ಕಾಕುವಿಗೆ ಜ್ವರ ಬಂದಿರಬೇಕು ಎಂದೆ. ಅವ್ವ ಹಣೆ ಬಡಿದುಕೊಂಡಳು. "ಜ್ವರ ಅಲ್ಲ, ನಿನ್ನ ನಾಲಗಿ! ಊರಾಗ ಬಾಂದ ಅಂದ್ರ ಹೊಲದ ಗಡಿ. ಒಂದ ಗೇಣ ಬಾಂದಕ್ಕ ಅಣ್ಣತಮ್ಮರು ಮಾತ ಬಿಡ್ತಾರ. ಬಾಂದ ಹಾಕೀನಿ, ದಾಟಬ್ಯಾಡ ಅಂದ್ರ ಆಕಿ ಏನ ತಿಳ್ಕೋಬೇಕು?"

ಇಟ್ಟಿಗೆಯ ಸಾಲಿಗೆ ಏನೆನ್ನಬೇಕೋ ತಿಳಿಯದೆ ಹೊಲದಿಂದ ಒಂದು ಶಬ್ದ ಕಡ ತಂದಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಮೂರರಲ್ಲೂ ಹುಡುಕಿ, ಜಗಳ ಹಚ್ಚುವ ಶಬ್ದವನ್ನೇ ಆರಿಸಿಕೊಂಡಿದ್ದೆ. ಹತ್ತಿರದಲ್ಲೇ 'ದಡಿ' ಇತ್ತು. ಹೊಳೆಗೆ ದಡ, ಸೀರೆಗೆ ದಡಿ. ಎರಡೂ ಒಂದೇ ಮನೆಯ ಶಬ್ದಗಳೆಂದು ನನ್ನ ಗುಮಾನಿ. ದಡಿ ಸೀರೆಯನ್ನು ಮುಗಿಸುತ್ತದೆ, ಆದರೆ ಯಾರನ್ನೂ ತಡೆಯುವುದಿಲ್ಲ. ನನ್ನಂಥ ಮಾತು ಕಡಿಮೆಯವರಿಗೆ ಅಂಚುಗಳು ಇಷ್ಟ, ನಿಜ. ಆದರೆ ಹಿಂಡಿಯ ಬಟ್ಟಲನ್ನು ಹೊರಗಿಡುವಷ್ಟು ಅಲ್ಲ.

ಒಬ್ಬರ ಮನೆಗೆ ಹೋಗಿ ಮನಸ್ಸು ಬಿಚ್ಚುವುದು ನನಗೆ ನಲವತ್ತು ಇಟ್ಟಿಗೆ ನೆಡುವುದಕ್ಕಿಂತ ಕಷ್ಟ. ಕಾಕುವಿನ ಮನೆಯ ದಾರಿಯುದ್ದಕ್ಕೂ, ಅಂದರೆ ಹನ್ನೆರಡು ಹೆಜ್ಜೆ, ಒಂದು ವಾಕ್ಯ ಬಾಯಿಪಾಠ ಮಾಡಿದೆ. ಬಾಗಿಲು ತೆರೆದ ಕೂಡಲೇ ಮರೆತೆ.

"ಬಾ," ಎಂದರು ಕಾಕು. "ನಾವು ಬಾಂದ ಕೊರಿಯೋ ಮಂದಿ ಅಲ್ಲವಾ. ನಮ್ಮಪ್ಪ ಬಾಂದದಿಂದ ಎರಡ ಬೆರಳ ಬಿಟ್ಟೇ ಹೊಲಕ್ಕ ಗಳೆ ಹೊಡೀತಿದ್ದ."

"ಬಾಂದ ಅಲ್ರಿ ಕಾಕು. ದಡಿ. ಹೂವಿನ ಗಿಡಕ್ಕ ದಡಿ ಹಚ್ಚೀನಿ."

ಕಾಕು ಕಿಟಕಿಯಿಂದ ಬಹಳ ಹೊತ್ತು ನೋಡಿದರು, ಸೀರೆ ಅಂಗಡಿಯಲ್ಲಿ ನೋಡುವಂತೆ. "ದಡಿ ಏನೋ ಚಂದ ಆಗೇತಿ. ಸೆರಗ ಎಲ್ಲೈತಿ? ಸೆರಗಿಲ್ಲದ ಸೀರಿ ಯಾವಾಕಿ ಉಡ್ತಾಳ?" ಎಂದು ತಾವೇ ಮೊದಲು ನಕ್ಕರು.

ಮರುದಿನ ಬೆಳಿಗ್ಗೆ ಕಾಕುವಿನ ಬಾಗಿಲಿಗೆ ಎದುರಾಗಿದ್ದ ನಾಲ್ಕು ಇಟ್ಟಿಗೆಗಳನ್ನು ಕಿತ್ತೆ, ಹನ್ನೊಂದನೆಯದೂ ಸೇರಿ. ಬಟ್ಟಲು ಹಿಡಿದು ಎಂದಿನಂತೆ ನಡೆದು ಬನ್ನಿ ಎಂದು ಅವರಿಗೆ ಹೇಳಿ, ಪಾತಿಯಲ್ಲಿ ಅವರ ಹೆಜ್ಜೆ ಬಿದ್ದಲ್ಲೆಲ್ಲ ಒಂದೊಂದನ್ನು ಸೆರಗಿನಂತೆ ಮಲಗಿಸಿದೆ. ಸಾಲು ಸೊಟ್ಟಗಾಯಿತು. ಹಾಗೇ ಬಿಟ್ಟು, ಕೈ ತೊಳೆದುಕೊಂಡು ರೊಟ್ಟಿಗೆ ಕುಳಿತೆ.